ಕೊಯ್ದ ಬಾರ್ಲಿ ಹೊಲದಲ್ಲಿ ವುಡ್ ಪಿಜನ್‌ಗಳು ಸುತ್ತಿ ಹೋಗುತ್ತವೆ, ಇಳಿಯುವುದಿಲ್ಲ: ಯಾಕೆ?

ನೀವು ಬರೆದ ಪ್ರಕಾರ, ಬೆಳೆ ತಿನ್ನುವ ವುಡ್ ಪಿಜನ್ (ಕಾಡುಪಾರಿವಾಳ) ಹೊಡೆಯಲು ಇಂಗ್ಲೆಂಡಿನ ನಾರ್ಫಕ್‌ನ ಕೂಳೆ ಹೊಲದಲ್ಲಿ ಬೆಳಗ್ಗೆ ಏಳಕ್ಕೇ ಕೂತು, ಮೂವತ್ತು ಡಿಕಾಯ್‌ಗಳನ್ನು (ಹಕ್ಕಿಗಳನ್ನು ಸೆಳೆಯುವ ನಕಲಿ ಪಾರಿವಾಳಗಳನ್ನು) ಗುಂಡಗೆ ಇಟ್ಟಿದ್ದೀರಿ. ತೊಂದರೆ ಸಂಖ್ಯೆಯದಲ್ಲ, ಜಾಗ ಬಿಡದೆ ಇಟ್ಟಿರುವುದು. ಹಕ್ಕಿ ಗಾಳಿಗೆ ಎದುರಾಗಿ ಇಳಿಯುತ್ತದೆ, ಅದಕ್ಕೆ ಬಯಲು ಬೇಕು. ಹನ್ನೆರಡು ಹದಿನೈದು ಸಾಕು. ಕುದುರೆಲಾಳದ ಆಕಾರದಲ್ಲಿಟ್ಟು, ಗಾಳಿ ಬೀಸಿ ಹೋಗುವ ಕಡೆಗೆ ಬಾಯಿ ತೆರೆದಿರಲಿ. ಒಂದಕ್ಕೊಂದು ಎರಡು ಮೂರು ಹೆಜ್ಜೆ ಅಂತರ, ತಲೆಗಳು ಹೆಚ್ಚುಕಡಿಮೆ ಗಾಳಿಗೆ ಎದುರು. ಎಲ್ಲವೂ ಒಂದೇ ಕಡೆ ನೋಡಿದರೆ ಕವಾಯತಿನಂತೆ ಕಾಣುತ್ತದೆ. ನಡುವಿನ ಖಾಲಿ ಜಾಗ ನೀವು ಅಡಗಿ ಕೂರುವ ಮರೆಯಿಂದ 20–25 ಮೀಟರ್ ದೂರ ಇರಲಿ, ಗಾಳಿ ನಿಮ್ಮ ಬೆನ್ನಿಗಿರಲಿ.

ಹೊತ್ತಿಗಿಂತ ಮುಖ್ಯ ಹಿಂದಿನ ದಿನದ ನೋಟ. ದುರ್ಬೀನು ಹಿಡಿದು ಒಂದು ಗಂಟೆ ನಿಂತು, ಯಾವ ಬೇಲಿಸಾಲು ಹಿಡಿದು ಬರುತ್ತವೆ, ಯಾವ ಮೂಲೆಯಲ್ಲಿ ಮೇಯುತ್ತವೆ ಎಂದು ಗುರುತಿಸಿಕೊಳ್ಳಿ. ಮರೆ ಆ ದಾರಿಯಲ್ಲೇ ಇರಬೇಕು. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಮೇವು ಜೋರಾಗುವುದುಂಟು, ಹಾಗಾಗಿ ಹನ್ನೊಂದಕ್ಕೆ ಕೂತರೂ ನಷ್ಟವಿಲ್ಲ. ಗಾಳಿಯೇ ಇಲ್ಲದ ದಿನ ಮನೆಯಲ್ಲಿರುವುದೇ ವಾಸಿ.

ಬಿದ್ದ ಹಕ್ಕಿ ಅಂಗಾತ ಬಿದ್ದಿದ್ದರೆ ಉಳಿದವು ಬೆದರುತ್ತವೆ. ಮಗುಚಿ, ಗದ್ದಕ್ಕೆ ಕಡ್ಡಿ ಆನಿಸಿ ಕೂರಿಸಿ. ಮುಖಕ್ಕೆ ಬಲೆ ಕಟ್ಟಿಕೊಳ್ಳಿ. ಇಷ್ಟಾದರೂ ತಿರುಗಿಹೋದರೆ ಮತ್ತು ನೀವು ತಿರುಗುಯಂತ್ರ (ಡಿಕಾಯ್‌ಗಳನ್ನು ಹಾರುವಂತೆ ಸುತ್ತಿಸುವ ಯಂತ್ರ) ಇಟ್ಟಿದ್ದರೆ, ಮೊದಲು ಅದನ್ನು ನಿಲ್ಲಿಸಿ ನೋಡಿ. ಅಂದಹಾಗೆ, ಇಂಗ್ಲೆಂಡಿನಲ್ಲಿ ಬೆಳೆ ರಕ್ಷಣೆಗೆ ಹೊಡೆಯುವುದು ಜನರಲ್ ಲೈಸೆನ್ಸ್ (ಪ್ರತ್ಯೇಕ ಅರ್ಜಿ ಬೇಡದ, ಷರತ್ತುಬದ್ಧ ಸಾಮಾನ್ಯ ಪರವಾನಗಿ) ಅಡಿಯಲ್ಲಿ. ಅದರ ಷರತ್ತು ಓದಿ, ರೈತರ ಅನುಮತಿ ಪಡೆದೇ ಹೊರಡಿ.