ಬ್ಯಾಟರಿ ಇಲ್ಲ, ಯಂತ್ರ ಇಲ್ಲ. ಹಾರ್ಮೋನ್ ವಂಕಿ ದಿನಾ ಅಳತೆಯಾಗಿ ಔಷಧಿ ಬಿಡುವುದು ಹೇಗೆ?

"ಐದು ವರ್ಷದ ಔಷಧಿ ಒಂದೇ ವಾರದಲ್ಲಿ ಸೋರಿ ಹೋಗಲ್ವಾ?" ಎಂದು ಕೇಳಿದ್ದೀರಿ. ನಾನು ಬಿ.ಫಾರ್ಮ್ ಓದಿದವಳು. ಮೂರು ವರ್ಷದಿಂದ ಈ ವಂಕಿಯನ್ನು, ಅಂದರೆ ಗರ್ಭಕೋಶದೊಳಗೆ ಇಟ್ಟು ಗರ್ಭ ತಡೆಯುವ ಪುಟ್ಟ ಸಾಧನವನ್ನು, ಹಾಕಿಸಿಕೊಂಡಿರುವವಳು ಕೂಡ. ಹಾಕಿಸಿಕೊಳ್ಳುವ ಹಿಂದಿನ ರಾತ್ರಿ ನನಗೂ ಇದೇ ಅನುಮಾನ ಬಂದಿತ್ತು. ಓದಿದ್ದೆಲ್ಲ ಆಗ ನೆನಪಿಗೆ ಬರಲಿಲ್ಲ ಅನ್ನಿ.

ಮೊದಲು ಲೆಕ್ಕ ನೋಡೋಣ. ಮಿರೆನಾ ಅನ್ನುವ ಹಾರ್ಮೋನ್ ವಂಕಿಯಲ್ಲಿ ಇರುವ ಔಷಧಿ, ಲೆವೊನಾರ್ಜೆಸ್ಟ್ರೆಲ್ ಅನ್ನುವ ಹಾರ್ಮೋನ್, 52 ಮಿಲಿಗ್ರಾಂ. ಚಿಟಿಕೆ ಉಪ್ಪಿಗಿಂತಲೂ ಕಡಿಮೆ. ಶುರುವಿನಲ್ಲಿ ದಿನಕ್ಕೆ ಹೊರಬರುವುದು ಸುಮಾರು 20 ಮೈಕ್ರೋಗ್ರಾಂ (ಸಾವಿರ ಮೈಕ್ರೋಗ್ರಾಂ ಸೇರಿದರೆ ಒಂದು ಮಿಲಿಗ್ರಾಂ). ಭಾಗಿಸಿದರೆ 2,600 ದಿನ, ಅಂದರೆ ಏಳು ವರ್ಷಕ್ಕೆ ಸಾಕು. ಬರಬರುತ್ತಾ ಹೊರಬರುವ ಪ್ರಮಾಣವೂ ಇಳಿಯುತ್ತದೆ. ಐದು ವರ್ಷ ಮುಗಿಯುವಾಗ ದಿನಕ್ಕೆ ಹತ್ತು ಮೈಕ್ರೋಗ್ರಾಂ ಆಸುಪಾಸು. ಹಾಗಾಗಿ ಆಗಲೂ ಒಳಗೆ ಸಾಕಷ್ಟು ಉಳಿದಿರುತ್ತದೆ. ಔಷಧಿಗಳಿಗೆ ಅನುಮತಿ ಕೊಡುವ ಅಮೆರಿಕದ ಸಂಸ್ಥೆ ಎಫ್‌ಡಿಎ, ಗರ್ಭ ತಡೆಯಲು ಇದನ್ನು ಬಳಸುವುದಕ್ಕೆ ಮೊದಲು ಐದು ವರ್ಷ ಅಂದಿತ್ತು, 2022ರಲ್ಲಿ ಎಂಟು ವರ್ಷ ಅಂದಿತು. ವಂಕಿ ಅದೇ, ಔಷಧಿಯೂ ಅಷ್ಟೇ.

ಇನ್ನು ಒಂದೇ ಸಲಕ್ಕೆ ಯಾಕೆ ಬರುವುದಿಲ್ಲ? ತೆಂಗಿನ ಸಸಿಯ ಪಕ್ಕ ಮಡಕೆ ಹೂತು ನೀರು ತುಂಬಿಡುವುದನ್ನು ನೋಡಿರುತ್ತೀರಿ. ನೀರು ಎಷ್ಟೇ ಇರಲಿ, ಎಷ್ಟು ಹೊರಬರಬೇಕು ಅನ್ನುವುದನ್ನು ಮಡಕೆಯ ಗೋಡೆ ತೀರ್ಮಾನಿಸುತ್ತದೆ. ಇಲ್ಲಿ ಆ ಗೋಡೆ ಸಿಲಿಕೋನ್ ರಬ್ಬರ್. ವ್ಯತ್ಯಾಸ ಒಂದಿದೆ. ಮಡಕೆಯಲ್ಲಿ ಸಣ್ಣ ತೂತುಗಳಿವೆ, ಸಿಲಿಕೋನ್‌ನಲ್ಲಿ ಇಲ್ಲ. ಔಷಧಿ ಆ ರಬ್ಬರ್‌ನಲ್ಲೇ ಸ್ವಲ್ಪ ಸ್ವಲ್ಪ ಕರಗಿ, ಆಚೆ ಬದಿಗೆ ದಾಟುತ್ತದೆ.

ದಿನವೂ ಹೆಚ್ಚುಕಮ್ಮಿ ಒಂದೇ ಅಳತೆ ಬರುವುದಕ್ಕೆ ಕಾಫಿ ಲೋಟ ನೆನಪಿಸಿಕೊಳ್ಳಿ. ತಳದಲ್ಲಿ ಕರಗದ ಸಕ್ಕರೆ ಉಳಿದಿದ್ದರೆ ಅದಕ್ಕಿಂತ ಸಿಹಿ ಮಾಡಲು ಆಗುವುದಿಲ್ಲ ಅಲ್ವಾ? ಔಷಧಿಯ ಪುಡಿಯೂ ಸಿಲಿಕೋನ್‌ನೊಳಗೆ ಹಾಗೇ ಕರಗದೆ ಕೂತಿರುತ್ತದೆ. ಹೊರಗೆ ಹೋದಷ್ಟು ಮತ್ತೆ ಕರಗುತ್ತದೆ. ಹೊರಮೈ ಹತ್ತಿರದ ಪುಡಿ ಮುಗಿದಂತೆ ಒಳಗಿನದು ಜಾಸ್ತಿ ದೂರ ಬರಬೇಕಾಗುತ್ತದೆ. ವರ್ಷ ಕಳೆದಂತೆ ವೇಗ ಇಳಿಯುವುದು ಇದಕ್ಕೇ.

ಇದರ ಬೇರು ಗರ್ಭನಿರೋಧಕದಲ್ಲಿ ಇರಲಿಲ್ಲ, ಹೃದಯದ ಚಿಕಿತ್ಸೆಯಲ್ಲಿ ಇತ್ತು. 1960ರ ದಶಕದ ಮೊದಲಲ್ಲಿ ಅಮೆರಿಕದ ಸಂಶೋಧಕರಾದ ಜೂಡಾ ಫೋಕ್‌ಮನ್ ಮತ್ತು ಡೇವಿಡ್ ಲಾಂಗ್ ಹೃದಯಕ್ಕೆ ಬಹಳ ದಿನ ಔಷಧಿ ಕೊಡುವ ದಾರಿ ಹುಡುಕುವಾಗ ಸಿಲಿಕೋನ್‌ನ ಈ ಗುಣ ಕಂಡರು. 1976ರಲ್ಲಿ ಅಮೆರಿಕದಲ್ಲಿ ಪ್ರೊಜೆಸ್ಟಾಸರ್ಟ್ ಅನ್ನುವ ವಂಕಿ ಬಂತು, ಆದರೆ ವರ್ಷಕ್ಕೊಮ್ಮೆ ಬದಲಿಸಬೇಕಿತ್ತು. ಯಾರಿಗೆ ಬೇಕು ಆ ತಾಪತ್ರಯ! ಫಿನ್ಲೆಂಡ್‌ನ ವೈದ್ಯ ತಪಾನಿ ಲೂಕ್ಕಾಯ್ನೆನ್ ಮತ್ತು ಪಾಪ್ಯುಲೇಷನ್ ಕೌನ್ಸಿಲ್ ಅನ್ನುವ ಸಂಶೋಧನಾ ಸಂಸ್ಥೆ ಸೇರಿ ಲೆವೊನಾರ್ಜೆಸ್ಟ್ರೆಲ್ ಬಳಸಿ ಮಾಡಿದ ವಂಕಿ 1990ರಲ್ಲಿ ಫಿನ್ಲೆಂಡ್‌ನಲ್ಲಿ ಮಾರಾಟಕ್ಕೆ ಬಂತು.

ನನಗೆ ಹಾಕಿದ್ದು ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತಿದ್ದುದಕ್ಕೆ. ಹಾಕುವಾಗ ಎರಡು ನಿಮಿಷ ಚೆನ್ನಾಗಿಯೇ ನೋವಾಯಿತು. "ಏನೂ ಗೊತ್ತಾಗಲ್ಲ" ಅನ್ನುವವರನ್ನು ನಂಬಬೇಡಿ. ಮೊದಲ ನಾಲ್ಕು ತಿಂಗಳು ಯಾವಾಗ ಬೇಕೆಂದರೆ ಆಗ ರಕ್ತದ ಕಲೆ. ಆಮೇಲೆ ಮುಟ್ಟೇ ನಿಂತಿತು. "ಕೆಟ್ಟ ರಕ್ತ ಒಳಗೇ ಉಳಿದುಬಿಟ್ಟರೆ ಏನೇ ಗತಿ?" ಎಂದು ಅಮ್ಮನಿಗೆ ಗಾಬರಿ. ಉಳಿಯಲು ಅಲ್ಲಿ ಏನೂ ಇರುವುದಿಲ್ಲ. ಔಷಧಿ ಗರ್ಭಕೋಶದ ಒಳಪದರವನ್ನು ತೆಳ್ಳಗೆ ಮಾಡುತ್ತದೆ, ಉದುರಲು ಪದರ ಬೆಳೆದೇ ಇರುವುದಿಲ್ಲ. ಗರ್ಭಕೋಶದ ಬಾಯಿಯ ಲೋಳೆಯನ್ನೂ ಗಟ್ಟಿ ಮಾಡಿ ವೀರ್ಯಾಣು ದಾಟದಂತೆ ತಡೆಯುತ್ತದೆ. ಹೆಚ್ಚಿನವರಲ್ಲಿ ಅಂಡಾಶಯ ಮಾತ್ರ ಎಂದಿನಂತೆ ಕೆಲಸ ಮಾಡುತ್ತಲೇ ಇರುತ್ತದೆ. ದಿನಾ ನುಂಗುವ ಗರ್ಭನಿರೋಧಕ ಮಾಲಾ-ಡಿಯ ಒಂದು ಹಾರ್ಮೋನ್ ಮಾತ್ರೆಯಲ್ಲಿ ಇದೇ ಔಷಧಿ 150 ಮೈಕ್ರೋಗ್ರಾಂ ಇದೆ. ಕೆಲಸದ ಜಾಗದಲ್ಲೇ ಕೊಟ್ಟರೆ 20 ಸಾಕು.

ಯೋನಿಯೊಳಗೆ ಇಡುವ ರಿಂಗ್ ಬಗ್ಗೆಯೂ ಕೇಳಿದ್ದೀರಿ. ಅದರ ಲೆಕ್ಕ ಬೇರೆ. ನೂವಾರಿಂಗ್ ದಿನಕ್ಕೆ 120 ಮೈಕ್ರೋಗ್ರಾಂ ಎಟೊನೊಜೆಸ್ಟ್ರೆಲ್, 15 ಮೈಕ್ರೋಗ್ರಾಂ ಎಥಿನೈಲ್ ಎಸ್ಟ್ರಾಡಿಯಾಲ್ ಅನ್ನುವ ಎರಡು ಹಾರ್ಮೋನ್ ಬಿಡುತ್ತದೆ. ಅದು ಯೋನಿಯ ಗೋಡೆಯಿಂದ ರಕ್ತಕ್ಕೆ ಸೇರಿ ಅಂಡ ಬಿಡುಗಡೆಯನ್ನೇ ನಿಲ್ಲಿಸುತ್ತದೆ. ಹಾಗಾಗಿ ಮಾಲಾ-ಡಿಯಂಥ ಮಾತ್ರೆ ಆಗಬಾರದವರಿಗೆ, ಉದಾಹರಣೆಗೆ ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ, ಇದೂ ಆಗುವುದಿಲ್ಲ. ಮೂರು ವಾರ ಇಟ್ಟು ಒಂದು ವಾರ ತೆಗೆಯಬೇಕು. ಹಾಕಿಕೊಳ್ಳಲು ಡಾಕ್ಟರ್ ಬೇಕಿಲ್ಲ.

ಒಂದು ವಿಷಯ: ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ ಹಾಕುವ ವಂಕಿ ತಾಮ್ರದ್ದು, ಅದರಲ್ಲಿ ಹಾರ್ಮೋನ್ ಇರುವುದಿಲ್ಲ. ಗರ್ಭ ತಡೆಯಲು ಅದೂ ಒಳ್ಳೆಯದೇ, ಆದರೆ ರಕ್ತಸ್ರಾವ ಹೆಚ್ಚಿಸಬಹುದು. ನನ್ನ ಹಾಗೆ ಮೊದಲೇ ಜಾಸ್ತಿ ಹೋಗುವವರಾದರೆ "ಯಾವ ವಂಕಿ?" ಎಂದು ಹಾಕಿಸಿಕೊಳ್ಳುವ ಮೊದಲೇ ಕೇಳಿ.