ಭಾರದ ಮರಗೆಲಸ ಮಷಿನ್‌ಗಳನ್ನು ಬೇಸ್‌ಮೆಂಟ್‌ಗೆ ಇಳಿಸುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಅಮೆರಿಕದ ಒಹಾಯೋದಲ್ಲಿ ಮನೆ ತಗೊಂಡಿದ್ದೀರಿ. ಮುಚ್ಚುತ್ತಿರುವ ಒಂದು ವರ್ಕ್‌ಶಾಪ್‌ನಿಂದ 10 ಇಂಚಿನ ಕ್ಯಾಬಿನೆಟ್ ಸಾ (ಪೆಟ್ಟಿಗೆಯ ಮೇಲೆ ಕೂರಿಸಿದ ಟೇಬಲ್ ಗರಗಸ), 8 ಇಂಚಿನ ಜಾಯಿಂಟರ್ (ಹಲಗೆಯ ಮೈ, ಅಂಚು ನೇರ ಮಾಡುವ ಮಷಿನ್), 14 ಇಂಚಿನ ಬ್ಯಾಂಡ್ ಸಾ (ಪಟ್ಟಿ ಗರಗಸ) ಕಡಿಮೆ ಬೆಲೆಗೆ ಸಿಕ್ಕಿವೆ. ಬೇಸ್‌ಮೆಂಟ್‌ಗೆ ಮನೆಯೊಳಗಿನ ಮರದ ಮೆಟ್ಟಿಲು ಬಿಟ್ಟರೆ ಬೇರೆ ದಾರಿ ಇಲ್ಲ. ನಾಲ್ಕು ಜನ ಗೆಳೆಯರನ್ನು ಕರೆದು ಹೊತ್ತು ಇಳಿಸಬಹುದಾ?

ಬೇಡ. ಮೂರಡಿ ಅಗಲದ ಮೆಟ್ಟಿಲಲ್ಲಿ ನಾಲ್ಕು ಜನ ಸೇರಿದರೆ ಇಬ್ಬರು ಮಷಿನ್‌ನ ಕೆಳಗೇ ನಿಂತಿರುತ್ತಾರೆ. ಮೇಲಿನವರ ಕೈ ಜಾರಿದರೆ ಅವರಿಗೆ ಓಡಲು ಜಾಗವೇ ಇಲ್ಲ. ನಾನು ಮಿಶಿಗನ್‌ನಲ್ಲಿ ಇಂಥದೇ ಮೆಟ್ಟಿಲಿನಲ್ಲಿ ಇದೇ ಬಗೆಯ ಮಷಿನ್‌ಗಳನ್ನು ಇಳಿಸಿದ್ದೇನೆ. ಕೆಳಗೆ ಯಾರನ್ನೂ ನಿಲ್ಲಿಸಲಿಲ್ಲ. ಇಳಿಸಲು ತೋಳ್ಬಲ ಜಾಸ್ತಿ ಬೇಕಾಗಿಲ್ಲ, ತಡೆದು ಹಿಡಿಯುವ ವ್ಯವಸ್ಥೆ ಬೇಕು. ನಮ್ಮೂರ ತೇರಿನಲ್ಲಿ ಮಿಣಿ ಎಳೆಯಲು ನೂರಾರು ಜನ ಇರುತ್ತಾರೆ, ಆದರೆ ತೇರು ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವುದು ಗಾಲಿಗೆ ಮರದ ತುಂಡು ಕೊಡುವವರು ತಾನೇ?

ಮೊದಲು ಬಿಚ್ಚಿ. ಕ್ಯಾಬಿನೆಟ್ ಸಾ ಇಡಿಯಾಗಿ 200 ಕೆಜಿ ದಾಟುತ್ತದೆ. ಆದರೆ ಅದರ ಎರಕದ ಟೇಬಲ್ ಕೆಲವೇ ಬೋಲ್ಟ್‌ಗಳ ಮೇಲೆ ಕೂತಿರುತ್ತದೆ. ಬ್ಲೇಡ್, ಫೆನ್ಸ್ (ಮರವನ್ನು ಒತ್ತಿ ಹಿಡಿದು ನೇರ ನಡೆಸುವ ಪಟ್ಟಿ), ಟೇಬಲ್‌ನ ಪಕ್ಕದ ರೆಕ್ಕೆಗಳು, ಟೇಬಲ್, ಮೋಟರ್ ತೆಗೆದರೆ ಉಳಿದ ಪೆಟ್ಟಿಗೆಯ ಭಾರ ಅರ್ಧದಷ್ಟಾಗುತ್ತದೆ. ಟೇಬಲ್ ಎತ್ತುವಾಗ ಅಡಿಯಲ್ಲಿ ತೆಳು ತಗಡಿನ ಶಿಮ್‌ಗಳಿವೆಯಾ ನೋಡಿ. ಯಾವುದು ಯಾವ ಮೂಲೆಯದು ಎಂದು ಗುರುತು ಹಾಕಿ, ಫೋಟೋನೂ ತೆಗೆದಿಡಿ. ಮತ್ತೆ ಜೋಡಿಸಿದ ಮೇಲೆ ಬ್ಲೇಡು ಟೇಬಲ್‌ನ ಮೈಟರ್ ಸೀಳಿಗೆ (ಮರ ತಳ್ಳುವ ಗೇಜ್ ಜಾರುವ ಉದ್ದನೆಯ ಕೊರಕಲು) ಸಮಾನಾಂತರ ಇದೆಯಾ ಎಂದು ಹೇಗೂ ಅಳೆಯಲೇಬೇಕು.

ಜಾಯಿಂಟರ್ ಮಾತ್ರ ಬೇರೆ ಜಾತಿ. ಅದರ ಎರಡು ಟೇಬಲ್‌ಗಳನ್ನು ಬಿಚ್ಚಲು ಹೋಗಬೇಡಿ. ಮತ್ತೆ ಒಂದೇ ಮಟ್ಟಕ್ಕೆ ತರುವುದು ದೊಡ್ಡ ತಲೆನೋವು. ಫೆನ್ಸ್, ಮೋಟರ್, ಬೆಲ್ಟ್ ತೆಗೆದು, ಬೆಡ್ಡನ್ನು (ಎರಡೂ ಟೇಬಲ್ ಸೇರಿದ ಮೇಲ್ಭಾಗ) ಸ್ಟ್ಯಾಂಡ್‌ನಿಂದ ಬೇರ್ಪಡಿಸಿದರೆ ಸಾಕು. ಟೇಬಲ್‌ಗಳ ತುದಿ ಹಿಡಿದು ಎತ್ತಲೇಬಾರದು. ಮಧ್ಯದ ದಪ್ಪ ಎರಕಕ್ಕೆ ಪಟ್ಟಿ ಹಾಕಿ ಎತ್ತಿ. ಬ್ಯಾಂಡ್ ಸಾ ಇವೆರಡಕ್ಕಿಂತ ಹಗುರ, ಅದರ ಟೇಬಲ್ ಮತ್ತು ಮೋಟರ್ ತೆಗೆದರೆ ಗಟ್ಟಿ ಹ್ಯಾಂಡ್ ಟ್ರಕ್‌ಗೆ (ಎರಡು ಗಾಲಿಯ ಕೈಗಾಡಿ) ಕಟ್ಟಿ ಇಳಿಸಬಹುದು.

ಈಗ ಮೆಟ್ಟಿಲಿನ ಲೆಕ್ಕ. ಅಮೆರಿಕದ ಮನೆಗಳ ಮಾದರಿ ಕಟ್ಟಡ ನಿಯಮದಲ್ಲಿ ಮೆಟ್ಟಿಲು ಹೆಚ್ಚೆಂದರೆ 7¾ ಇಂಚು ಎತ್ತರ, ಕಡಿಮೆಯೆಂದರೆ 10 ಇಂಚು ಆಳ ಇರಬೇಕು. ಅಂದರೆ ಇಳಿಜಾರು ಸುಮಾರು 38 ಡಿಗ್ರಿ. ರಾಜ್ಯಕ್ಕೆ ತಕ್ಕಂತೆ ಇದು ಬದಲಾಗುತ್ತದೆ, ಹಳೆಯ ಮನೆಯಾದರೆ ಇನ್ನೂ ಕಡಿದಾಗಿರಬಹುದು. ಈ ಇಳಿಜಾರಿನಲ್ಲಿ 100 ಕೆಜಿಯ ವಸ್ತು ಸುಮಾರು 60 ಕೆಜಿಯಷ್ಟು ಬಲದಿಂದ ಕೆಳಕ್ಕೆ ಎಳೆಯುತ್ತದೆ. ಮರದ ಮೇಲೆ ಮರ ಉಜ್ಜುವುದರಿಂದ ಅದು ಸ್ವಲ್ಪ ಕಡಿಮೆಯಾಗುತ್ತದೆ. ಹಾಗಾಗಿ ಹಲಗೆಗೆ ಮೇಣ, ಸೋಪು ಏನೂ ಹಚ್ಚಬೇಡಿ. ಇಳಿಸುವಾಗ ಆ ತಿಕ್ಕಾಟ ನಮ್ಮ ಪರವಾಗಿರುತ್ತದೆ.

ಅದೇ ನಿಯಮ ಒಂದು ಮೆಟ್ಟಿಲು ಒಂದು ಜಾಗದಲ್ಲಿ 300 ಪೌಂಡ್, ಅಂದರೆ 136 ಕೆಜಿ ತಡೆಯಬೇಕು ಎನ್ನುತ್ತದೆ. ಮಷಿನ್ ಜೊತೆ ಒಬ್ಬ ಮನುಷ್ಯನೂ ನಿಂತರೆ ಆ ಮಿತಿ ದಾಟಿಹೋಗುತ್ತದೆ. ಅದಕ್ಕೇ ಮೆಟ್ಟಿಲುಗಳ ಮೇಲೆ ಉದ್ದಕ್ಕೂ ಎರಡು 2×10 ಇಂಚಿನ ಹಲಗೆ ಹಾಸಿ, ಭಾರ ಹಲವು ಮೆಟ್ಟಿಲಿಗೆ ಹಂಚಲಿ. ಹಲಗೆ ಜಾರದಂತೆ ಮೇಲ್ತುದಿಯಲ್ಲಿ ಸ್ಕ್ರೂ ಹೊಡೆಯಿರಿ. ಮೆಟ್ಟಿಲಿನ ಅಡಿ ಖಾಲಿಯಿದ್ದರೆ ನಡುವೆ ಒಂದೆರಡು ಊರೆ ಕೊಡಿ, ಖರ್ಚೇನೂ ಇಲ್ಲ.

ಮಷಿನನ್ನು ದಪ್ಪ ಪ್ಲೈವುಡ್ ಮತ್ತು ಎರಡು ಮರದ ತುಂಡಿನಿಂದ ಮಾಡಿದ ಜಾರುಹಲಗೆಗೆ ಬೋಲ್ಟ್ ಮಾಡಿ. ಜಾಯಿಂಟರ್ ಬೆಡ್‌ನಲ್ಲಿ ಸ್ಟ್ಯಾಂಡ್‌ಗೆಂದೇ ತೂತುಗಳಿವೆ, ಅವನ್ನೇ ಬಳಸಿ. ಸುಮ್ನೆ ಹಗ್ಗ ಸುತ್ತಿದರೆ ನಡುದಾರಿಯಲ್ಲಿ ವಾಲುತ್ತದೆ.

ಹಿಡಿತಕ್ಕೆ ಲಿವರ್ ಹಾಯ್ಸ್ಟ್ (ಹಿಡಿ ಆಡಿಸಿ ಸರಪಳಿ ಎಳೆಯುವ, ಬಿಡುವ ಕೈಯಂತ್ರ) ಬಾಡಿಗೆಗೆ ತನ್ನಿ. ಅಡ್ಡಡ್ಡ, ಓರೆಯಾಗಿ ಎಳೆಯಲೂ ಆಗುವಂಥದ್ದು ಅದು. ಕೈ ಬಿಟ್ಟರೂ ಭಾರ ನಿಂತಲ್ಲೇ ನಿಲ್ಲುತ್ತದೆ. ಸರಪಳಿಯ ಉದ್ದ ಮರೆಯಬೇಡಿ. 13 ಮೆಟ್ಟಿಲಿದ್ದರೆ ಓರೆಯಲ್ಲಿ ಅಳತೆ ಹತ್ತಿರ ಹತ್ತಿರ 14 ಅಡಿ ಬರುತ್ತದೆ. 10 ಅಡಿಯ ಸರಪಳಿ ತಂದರೆ ಮಷಿನ್ ಮೆಟ್ಟಿಲಲ್ಲೇ ನೇತಾಡುತ್ತದೆ. 20 ಅಡಿಯದನ್ನೇ ಕೇಳಿ.

ಹಾಯ್ಸ್ಟ್ ಕಟ್ಟುವುದೆಲ್ಲಿಗೆ? ಬಾಗಿಲಿನ ಹಿಡಿಕೆಗೂ ಅಲ್ಲ, ಮೆಟ್ಟಿಲಿನ ಕಂಬಿಗೂ ಅಲ್ಲ. ಮೇಲಿನ ಬಾಗಿಲನ್ನು ಕೀಲಿನಿಂದ ತೆಗೆದಿಡಿ. ಮೆಟ್ಟಿಲಿಗೆ ಬೆನ್ನಾದ ಗೋಡೆಯ ಬದಿಯಲ್ಲಿ, ಬಾಗಿಲಿನ ಅಗಲಕ್ಕಿಂತ ಎರಡಡಿ ಹೆಚ್ಚು ಉದ್ದದ 4×4 ಇಂಚಿನ ತೊಲೆಯನ್ನು ಅಡ್ಡ ಇಟ್ಟು ಹಾಯ್ಸ್ಟನ್ನು ಅದಕ್ಕೆ ಕಟ್ಟಿ. ಎಳೆತ ಬಿದ್ದಾಗ ಅದು ಬಾಗಿಲಿನ ಎರಡೂ ಪಕ್ಕದ ಸ್ಟಡ್‌ಗಳಿಗೆ (ಗೋಡೆಯೊಳಗಿನ ನಿಲುವು ಮರಗಳಿಗೆ) ಒತ್ತಿಕೊಳ್ಳುತ್ತದೆ. ನಡುವೆ ಪ್ಲೈವುಡ್ ತುಂಡು ಕೊಟ್ಟರೆ ಗೋಡೆ ಹಾಳಾಗದು.

ಒಬ್ಬರು ಲಿವರ್ ಆಡಿಸಲಿ, ಇನ್ನೊಬ್ಬರು ಮಷಿನ್‌ನ ಮೇಲ್ಬದಿಯಲ್ಲಿ ನಿಂತು ದಿಕ್ಕು ಸರಿಪಡಿಸಲಿ. ಮೂರನೆಯವರು ಬೇಕಾಗಿಲ್ಲ, ಚಹಾ ಮಾಡಲಿ.

ಕೆಳಗೆ ಇಳಿದ ಮೇಲೆ ತಿರುವು ಇದೆಯಾ ಎಂದು ನೀವು ಬರೆದಿಲ್ಲ. ಎದುರಿಗೆ ಮೂರೇ ಅಡಿಗೆ ಗೋಡೆ ಇದ್ದರೆ ಜಾಯಿಂಟರ್ ಬೆಡ್ ತಿರುಗುವುದಿಲ್ಲ. ಅದು 6 ಅಡಿಗೂ ಉದ್ದ ಇರುತ್ತದೆ, ನೆಟ್ಟಗೆ ನಿಲ್ಲಿಸಿ ತಿರುಗಿಸಲು ಎರಡು ಜನರ ಕೈಲಿ ಆಗದು. ಹಾಗಿದ್ದರೆ ಜಾಯಿಂಟರ್ ಒಂದನ್ನು ಪಿಯಾನೋ ಸಾಗಿಸುವವರಿಗೆ ಬಿಡಿ. ದುಡ್ಡು ಕೊಡುವ ಮೊದಲೇ ಆ ಜಾಗ ಅಳೆದು ಇಲ್ಲಿ ತಿಳಿಸಿ.