ಹೊಲಿಗೆ ಕೇಳಿ: ಮಳೆಗೊಂದು ಹಗುರ ಟಾರ್ಪಾಲು

ಪ್ರಶ್ನೆ: ಟ್ರೆಕ್ಕಿಂಗ್‌ಗೆ ಹಗುರವಾದ ಟಾರ್ಪಾಲು ನಾನೇ ಹೊಲಿಯುವ ಆಸೆ. ಮನೆಯಲ್ಲಿ ಅಮ್ಮನ ತುಳಿಯುವ ಮೆಷಿನ್ ಇದೆ, ಆದರೆ ನನಗೆ ಬ್ಲೌಸ್ ಕೂಡ ಹೊಲಿಯಲು ಬರುವುದಿಲ್ಲ. ಚಿಕ್ಕಪೇಟೆಯ ಛತ್ರಿ ಬಟ್ಟೆ ಆಗುತ್ತದೆಯೇ?
– ಓದುಗ, ವಿಜಯನಗರ

ಉತ್ತರ: ಬ್ಲೌಸ್ ಬಾರದಿದ್ದರೇನಂತೆ, ಟಾರ್ಪಾಲಿಗೆ ಕಂಕುಳೂ ಇಲ್ಲ, ಕೊರಳೂ ಇಲ್ಲ. ಬರೀ ನೇರ ಹೊಲಿಗೆ. ತುಳಿಯುವ ಮೆಷಿನ್ನೇ ವಾಸಿ. ಜಾರುವ ಬಟ್ಟೆಗೆ ನಿಧಾನ ಬೇಕು.

ಛತ್ರಿ ಬಟ್ಟೆ ಎಂದು ಕೊಟ್ಟದ್ದನ್ನೆಲ್ಲ ನಂಬಬೇಡಿ. ತುಟಿಗೆ ಒತ್ತಿಕೊಂಡು ಊದಿ ನೋಡಿ. ಉಸಿರು ಆಚೆ ದಾಟಿದರೆ ನೀರೂ ದಾಟುತ್ತದೆ. ಸಿಕ್ಕರೆ ಸಿಲಿಕಾನ್ ಲೇಪದ ರಿಪ್‌ಸ್ಟಾಪ್ (ಹರಿದರೆ ಮುಂದೆ ಹರಡದಂತೆ ದಪ್ಪ ಎಳೆಯ ಚೌಕಳಿ ನೇಯ್ದ) ಪಾಲಿಯೆಸ್ಟರ್ ತನ್ನಿ. ನೈಲಾನ್ ಗಟ್ಟಿಯೇನೋ ಹೌದು, ಆದರೆ ನೆನೆದರೆ ಜೋಲುತ್ತದೆ, ನಡುರಾತ್ರಿ ಎದ್ದು ಹಗ್ಗ ಬಿಗಿಯಬೇಕು. ಪನ್ನ, ಅಂದರೆ ಬಟ್ಟೆಯ ಅಗಲ, ಸುಮಾರು ಒಂದೂವರೆ ಮೀಟರ್ ಇರುತ್ತದೆ. ಮೂರು ಮೀಟರಿನ ಎರಡು ತುಂಡು ಜೋಡಿಸಿದರೆ ಹೆಚ್ಚುಕಡಿಮೆ 3×3. ಚದರ ಮೀಟರಿಗೆ 50 ಗ್ರಾಂ ತೂಗುವ ಬಟ್ಟೆಯಾದರೆ ಹಗ್ಗ ಬಿಟ್ಟು ಅರ್ಧ ಕಿಲೋ ಒಳಗೇ.

ಆ ನಡುಜೋಡಣೆಯಲ್ಲೇ ಜೀವ ಇರುವುದು. ನಿಮ್ಮ ಜೀನ್ಸ್ ಕಾಲಿನ ದಪ್ಪ ಹೊಲಿಗೆ ತಿರುವಿ ನೋಡಿ, ಅದೇ ಬೇಕು. ಕೆಳಗಿನ ತುಂಡನ್ನು ಒಂದು ಸೆಂಟಿಮೀಟರ್ ಆಚೆಗೆ ಬಿಟ್ಟು ಒಂದು ಸಾಲು ಹೊಲಿಯಿರಿ. ಉಳಿದ ಅಂಚನ್ನು ಮೇಲಿನದರ ಮೇಲೆ ಮಡಚಿ, ಕತ್ತರಿಸಿದ ಹಸಿ ಅಂಚು ಒಳಗೆ ಸೇರುವಂತೆ ಪೂರ್ತಿ ಒಂದು ಕಡೆ ಮಲಗಿಸಿ, ಇನ್ನೊಂದು ಸಾಲು ಹಾಕಿ. 11ನೇ ನಂಬರ್ ಸೂಜಿ, ಮೂರು ಮಿಲಿಮೀಟರ್ ಹೊಲಿಗೆ, ಪಾಲಿಯೆಸ್ಟರ್ ದಾರ. ಹತ್ತಿ ದಾರ ಒದ್ದೆಯಲ್ಲಿ ಕೊಳೆಯುತ್ತದೆ. ಗುಂಡುಸೂಜಿ ಚುಚ್ಚಿದ ತೂತು ಮುಚ್ಚುವುದಿಲ್ಲ, ಕ್ಲಿಪ್ ಹಾಕಿ.

ಸುತ್ತ ಅಂಚು ಎರಡು ಮಡಿಕೆ, ಅಷ್ಟೇ. ಬಟ್ಟೆ ಹರಿಯುವುದು ಮೂಲೆಯಲ್ಲಿ. ಅಲ್ಲಿ ಅದೇ ಬಟ್ಟೆಯ ಇನ್ನೊಂದು ಪದರ ಕೊಟ್ಟು, ಗಟ್ಟಿ ರಿಬ್ಬನ್ನಿನ ಕುಣಿಕೆ ಇಟ್ಟು, ಮೇಲೆ ಹಿಂದೆಮುಂದೆ ಹೊಲಿಯಿರಿ. ಅಂಥ ರಿಬ್ಬನ್ ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್‌ನಲ್ಲಿ ಹುಡುಕಿ.

ಸೂಜಿ ತೂತಿನಲ್ಲಿ ನೀರು ಜಿನುಗುತ್ತದೆ. ಸಿಲಿಕಾನ್ ಲೇಪಕ್ಕೆ ಸಿಲಿಕಾನ್ ಮಾತ್ರ ಅಂಟುವುದು, ಟೇಪ್ ಕಿತ್ತುಬರುತ್ತದೆ. ಹಾರ್ಡ್‌ವೇರ್ ಅಂಗಡಿಯ ಬಣ್ಣವಿಲ್ಲದ ಸಿಲಿಕಾನ್ ಸೀಲೆಂಟನ್ನು ಮಿನರಲ್ ಟರ್ಪಂಟೈನಿನಲ್ಲಿ ತೆಳ್ಳಗೆ ಕಲಸಿ, ಕಿಟಕಿ ತೆರೆದಿಟ್ಟು, ನಡುಹೊಲಿಗೆಯುದ್ದಕ್ಕೂ ಬ್ರಷ್‌ನಿಂದ ಸವರಿ. ಒಂದು ದಿನ ಒಣಗಲಿ. ಆಮೇಲೆ ತಾರಸಿಯಲ್ಲಿ ಕಟ್ಟಿ ಬಕೆಟ್ ನೀರು ಸುರಿದು ನೋಡಿ. ಅಕ್ಟೋಬರ್ ಆದರೆ ಆ ಕೆಲಸ ನಮ್ಮೂರ ಸಂಜೆ ಮಳೆಯೇ ಮಾಡೀತು.

ಟಾರ್ಪಾಲಿನಡಿ ಒಲೆ ಹಚ್ಚಬೇಡಿ. ಒಂದು ಕಿಡಿ ಹಾರಿದರೂ ಬಟ್ಟೆ ಕರಗಿ ತೂತು.